ವಲಸೆ ಕಾರ್ಮಿಕರು ಮತ್ತು ಸ್ವಯಂಪ್ರೇರಿತ ಎಚ್.ಐ.ವಿ. ಪರೀಕ್ಷೆ: ಉದ್ಯಮಿಗಳು ಅರಿಯಬೇಕಾದ ಅಂಶಗಳು

ಚನ್ನರಾಯಪಟ್ಟಣ ಹಾಗೂ ಹಾಸನ ಜಿಲ್ಲೆಯ ಇತರ ತಾಲ್ಲೂಕುಗಳ ವ್ಯಾಪಾರ ಮತ್ತು ಕೈಗಾರಿಕೆಗಳು ಇಂದು ಸ್ಥಳೀಯ ಕೂಲಿಕಾರರನ್ನಷ್ಟೇ ನೆಚ್ಚಿಕೊಂಡು ನಡೆಯುತ್ತಿಲ್ಲ. ಸಕಲೇಶಪುರದ ಕಡೆಯ ಕಾಫಿ ತೋಟಗಳಿಗೆ ಅಸ್ಸಾಮಿನಿಂದಲೂ ಕಾರ್ಮಿಕರು ಬರುತ್ತಾರೆ. ಕಟ್ಟಡ ನಿರ್ಮಾಣ, ರಸ್ತೆ ಕಾಮಗಾರಿ, ಕಬ್ಬು ಕಟಾವು, ಹೋಟೆಲು ಮೊದಲಾದ ಕಡೆಗಳಲ್ಲಿ ಉತ್ತರ ಕರ್ನಾಟಕದವರೂ ಹೊರರಾಜ್ಯದವರೂ ದುಡಿಯುತ್ತಿದ್ದಾರೆ. ಇದೇ ವೇಳೆಗೆ ನಮ್ಮ ಹಳ್ಳಿಗಳ ಯುವಕರು ಕೆಲಸವನ್ನರಸಿ ಬೆಂಗಳೂರಿಗೆ ತೆರಳುತ್ತಾರೆ. ಬೆಂಗಳೂರು-ಮಂಗಳೂರು ರಾಷ್ಟ್ರೀಯ ಹೆದ್ದಾರಿಯ ಜೊತೆಗೆ 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳ, ಚನ್ನರಾಯಪಟ್ಟಣಗಳ ಮೂಲಕ ಹಾಸನ-ಬೆಂಗಳೂರು ರೈಲು ಮಾರ್ಗ ತೆರೆದ ಮೇಲೆ ಈ ಓಡಾಟ ಇನ್ನಷ್ಟು ಸುಲಭವಾಗಿದೆ. ಹೀಗೆ ನಮ್ಮ ಪ್ರದೇಶವು ಕಾರ್ಮಿಕರನ್ನು ಕಳುಹಿಸುವ ನೆಲವೂ ಹೌದು, ಬರಮಾಡಿಕೊಳ್ಳುವ ನೆಲವೂ ಹೌದು.

ಕಾರ್ಮಿಕರ ಆರೋಗ್ಯದ ಪ್ರಶ್ನೆ ಎದುರಾದಾಗ ಎಚ್.ಐ.ವಿ. ಪರೀಕ್ಷೆಯ ವಿಷಯದಲ್ಲಿ ಮಾಲೀಕರ ವಲಯದಲ್ಲಿ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ಎಲ್ಲರ ರಕ್ತಪರೀಕ್ಷೆ ಮಾಡಿಸುವುದು ಕ್ಷೇಮ ಎಂಬುದು ಒಂದು. ಉಚಿತವಾಗಿ ಪರೀಕ್ಷೆ ದೊರೆಯುತ್ತಿದ್ದರೂ ಈ ಜನ ಹೋಗುವುದಿಲ್ಲ, ಅವರಿಗೆ ತಿಳಿವಳಿಕೆ ಸಾಲದು ಎಂಬುದು ಇನ್ನೊಂದು. ಮೊದಲನೆಯದು ಇಂದು ಕಾನೂನಿಗೆ ವಿರುದ್ಧವಾದುದು. ಎರಡನೆಯದು ಅರ್ಧ ಮಾತ್ರ ಸತ್ಯ. ವಲಸೆ ಕಾರ್ಮಿಕನು ಪರೀಕ್ಷೆಯಿಂದ ದೂರವುಳಿಯುವುದಕ್ಕೆ ಅಜ್ಞಾನಕ್ಕಿಂತಲೂ ದೊಡ್ಡ ಕಾರಣವೊಂದಿದೆ: ಫಲಿತಾಂಶ ಯಾರ ಕಿವಿಗೆ ಬೀಳುವುದೋ, ಅದರಿಂದ ತನ್ನ ಕೂಲಿ ತಪ್ಪುವುದೋ ಎಂಬ ಆತಂಕ. ಈ ಆತಂಕವನ್ನು ಹೆಚ್ಚಿಸುವುದೂ ತಗ್ಗಿಸುವುದೂ ಬಹುಮಟ್ಟಿಗೆ ಉದ್ಯೋಗದಾತನ ಕೈಯಲ್ಲಿರುವುದರಿಂದ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಪರೀಕ್ಷೆಯ ಕ್ರಮ

ಎಚ್.ಐ.ವಿ. ಎಂಬುದು ವೈರಾಣುವಿನ ಹೆಸರು. ಏಡ್ಸ್ ಎಂಬುದು ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದಾಗ ದೇಹದ ರೋಗನಿರೋಧಕ ಶಕ್ತಿ ಕುಗ್ಗಿ ಒದಗುವ ಸ್ಥಿತಿ. ಸೋಂಕು ತಗುಲಿದ ವ್ಯಕ್ತಿಯು ಹಲವು ವರ್ಷಗಳವರೆಗೆ ಯಾವ ತೊಂದರೆಯೂ ಇಲ್ಲದೆ ದುಡಿಯುತ್ತಿರಬಹುದು. ಆದ್ದರಿಂದ ನೋಡಿದ ಮಾತ್ರಕ್ಕೆ ಸೋಂಕನ್ನು ಗುರುತಿಸಲಾಗದು. ರಕ್ತಪರೀಕ್ಷೆಯೊಂದೇ ದಾರಿ.

ಈ ಪರೀಕ್ಷೆಗೆಂದು 1990ರ ದಶಕದ ಕೊನೆಯಲ್ಲಿ ಸ್ವಯಂಪ್ರೇರಿತ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳು ಆರಂಭವಾದವು. ಗರ್ಭಿಣಿಯರಿಂದ ಶಿಶುವಿಗೆ ಸೋಂಕು ಹರಡದಂತೆ ತಡೆಯುವ ಕೇಂದ್ರಗಳನ್ನು 2006ರಲ್ಲಿ ಇವುಗಳೊಂದಿಗೆ ಸೇರಿಸಿ, ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳನ್ನಾಗಿ ಮಾಡಲಾಯಿತು. ಜನರ ಬಾಯಲ್ಲಿ ಐ.ಸಿ.ಟಿ.ಸಿ. ಎಂದು ಬಳಕೆಯಾಗಿರುವ ಈ ಸೇವೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ.

ಕೇಂದ್ರಕ್ಕೆ ಬಂದವರೊಡನೆ ಆಪ್ತಸಮಾಲೋಚಕರು ಮೊದಲು ಏಕಾಂತದಲ್ಲಿ ಮಾತನಾಡುತ್ತಾರೆ. ಪರೀಕ್ಷೆ ಏಕೆ, ಫಲಿತಾಂಶದ ಅರ್ಥವೇನು, ಮುಂದೇನು ಎಂಬುದನ್ನು ತಿಳಿಸಿ, ಒಪ್ಪಿಗೆ ಪಡೆದ ನಂತರವಷ್ಟೇ ರಕ್ತದ ಮಾದರಿ ತೆಗೆಯುತ್ತಾರೆ. ಒಪ್ಪದೆ ಹಿಂದಿರುಗುವ ಹಕ್ಕು ಬಂದವರಿಗಿದೆ. ಮೊದಲ ಕ್ಷಿಪ್ರ ಪರೀಕ್ಷೆಯಲ್ಲಿ ಸೋಂಕಿನ ಸೂಚನೆ ಇಲ್ಲದಿದ್ದರೆ ಫಲಿತಾಂಶ ನಕಾರಾತ್ಮಕ ಎಂದು ತಿಳಿಸಲಾಗುತ್ತದೆ. ಸೂಚನೆ ಕಂಡುಬಂದರೆ ಬೇರೆ ಬೇರೆ ಬಗೆಯ ಇನ್ನೂ ಎರಡು ಕಿಟ್‌ಗಳಿಂದ ಪರೀಕ್ಷಿಸಿ, ಮೂರೂ ಹೊಂದಿದಾಗ ಮಾತ್ರ ಸೋಂಕು ಇದೆಯೆಂದು ಹೇಳಲಾಗುತ್ತದೆ. ಫಲಿತಾಂಶವನ್ನು ತಿಳಿಸುವಾಗಲೂ ಸಮಾಲೋಚನೆ ನಡೆಯುತ್ತದೆ. ಸೋಂಕು ತಗುಲಿದ ಆರಂಭದ ಕೆಲವು ವಾರಗಳಲ್ಲಿ ಪರೀಕ್ಷೆ ಅದನ್ನು ತೋರಿಸದಿರುವ ಸಾಧ್ಯತೆಯಿರುವುದರಿಂದ, ಇತ್ತೀಚೆಗೆ ಅಪಾಯಕ್ಕೆ ಒಳಗಾಗಿರಬಹುದಾದವರಿಗೆ ಮತ್ತೊಮ್ಮೆ ಬರುವಂತೆ ಸೂಚಿಸಲಾಗುತ್ತದೆ.

ಒಮ್ಮೆ ಬಂದ ನಕಾರಾತ್ಮಕ ವರದಿ ಮುಂದಿನ ವರ್ಷಗಳಿಗೂ ಕೊಟ್ಟ ಪ್ರಮಾಣಪತ್ರವಲ್ಲ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಎಲ್ಲರ ರಕ್ತ ಪರೀಕ್ಷಿಸಿದರೆ ಮುಂದೆ ಚಿಂತೆಯಿಲ್ಲ ಎಂಬ ನಂಬಿಕೆ ಕಾನೂನಿನ ಮಾತು ಬರುವ ಮುನ್ನ ವೈದ್ಯಕೀಯವಾಗಿಯೇ ನಿಲ್ಲುವುದಿಲ್ಲ.

ಹಳೆಯ ಭಯ, ಹೊಸ ವಾಸ್ತವ

ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈ ನಗರದಲ್ಲಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ 1992ರಲ್ಲಿ ಆರಂಭವಾಯಿತು. ಆದರೆ ಅನೇಕ ವರ್ಷಗಳ ಕಾಲ ಪರೀಕ್ಷೆ ಮಾಡಿಸಿಕೊಂಡ ಬಡವನಿಗೆ ಫಲಿತಾಂಶದ ನಂತರ ಕೊಡಲು ಆಸ್ಪತ್ರೆಯಲ್ಲಿ ಔಷಧವಿರಲಿಲ್ಲ. ಹಣವಂತರಷ್ಟೇ ಅದನ್ನು ಕೊಳ್ಳಬಲ್ಲವರಾಗಿದ್ದರು. ಅಂದಿನ ಜಾಗೃತಿ ಪ್ರಚಾರವೂ ಬಹುಪಾಲು ಭಯವನ್ನೇ ನೆಚ್ಚಿಕೊಂಡಿತ್ತು. ಚಿಕಿತ್ಸೆ ಸಿಗದ ರೋಗದ ಹೆಸರನ್ನು ತಿಳಿದು ಮಾಡುವುದೇನು ಎಂದು ಕೂಲಿಕಾರ ಅಂದು ಕೇಳಿದ್ದರೆ ಅದಕ್ಕೆ ಸಮಾಧಾನ ಹೇಳುವುದು ಕಷ್ಟವಾಗುತ್ತಿತ್ತು.

2004ರ ಏಪ್ರಿಲ್ 1ರಿಂದ ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಾಗಿದ್ದ 6 ರಾಜ್ಯಗಳು ಹಾಗೂ ದೆಹಲಿಯ 8 ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎ.ಆರ್.ಟಿ. ಚಿಕಿತ್ಸೆ ಆರಂಭವಾದುದು ಪರಿಸ್ಥಿತಿಯನ್ನು ಬದಲಿಸಿತು. ಆರಂಭದಲ್ಲಿ ರೋಗನಿರೋಧಕ ಶಕ್ತಿ ನಿಗದಿತ ಮಟ್ಟಕ್ಕಿಂತ ಕುಸಿದವರಿಗಷ್ಟೇ ಔಷಧ ದೊರೆಯುತ್ತಿತ್ತು. 2017ರಲ್ಲಿ ಈ ಮಿತಿಯನ್ನು ಕೈಬಿಟ್ಟು, ಸೋಂಕು ದೃಢಪಟ್ಟ ಪ್ರತಿಯೊಬ್ಬರಿಗೂ ಕೂಡಲೇ ಚಿಕಿತ್ಸೆ ಆರಂಭಿಸುವ ನೀತಿಯನ್ನು ಜಾರಿಗೆ ತರಲಾಯಿತು. ಇಂದು ಹೆಚ್ಚಿನವರಿಗೆ ದಿನಕ್ಕೊಂದು ಮಾತ್ರೆ ಸಾಕಾಗುತ್ತದೆ. ಸಕಾಲದಲ್ಲಿ ಚಿಕಿತ್ಸೆ ಆರಂಭಿಸಿ ತಪ್ಪದೆ ಮುಂದುವರಿಸಿದವರು ಇತರರಂತೆಯೇ ದುಡಿದು ಬಾಳಬಲ್ಲರು. ರಕ್ತದಲ್ಲಿ ವೈರಾಣುವಿನ ಪ್ರಮಾಣ ಪತ್ತೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೂ ಸೋಂಕು ಹರಡುವುದಿಲ್ಲ.

ವೈದ್ಯಕೀಯ ರಂಗದಲ್ಲಿ ಇಷ್ಟು ಬದಲಾವಣೆಯಾಗಿದ್ದರೂ ಹಳೆಯ ಭಯ ಜನಮನದಿಂದ ಅಳಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದೊಳಗಿನ ಪುರುಷರಲ್ಲಿ ಸುಮಾರು ಶೇ. 31, ಮಹಿಳೆಯರಲ್ಲಿ ಸುಮಾರು ಶೇ. 22 ಮಂದಿಗೆ ಮಾತ್ರ ಎಚ್.ಐ.ವಿ. ಬಗ್ಗೆ ಸಮಗ್ರ ತಿಳಿವಳಿಕೆ ಇತ್ತು.

ವಲಸೆ ಕಾರ್ಮಿಕರ ಮನೋಭಾವ

ಸಮೀಕ್ಷಕರಿಗೆ ಉತ್ತರ ಕೊಡುವಾಗ ಪರೀಕ್ಷೆ ಒಳ್ಳೆಯದೆಂದು ಹೇಳುವ ಕಾರ್ಮಿಕನೇ ಸ್ವತಃ ಪರೀಕ್ಷೆಗೆ ಹೋಗದಿರುವುದುಂಟು. ಈ ಅಂತರಕ್ಕೆ ಕಾರಣವಾಗುವ ಅಂಶಗಳನ್ನು ಬಿಡಿಸಿ ನೋಡುವುದು ಅಗತ್ಯ.

ಮೊದಲನೆಯದು, ತನಗೆ ಅಪಾಯವಿಲ್ಲ ಎಂಬ ಭಾವನೆ. ಮೈಯಲ್ಲಿ ಕಸುವಿದೆ, ದಿನವಿಡೀ ಮೂಟೆ ಹೊರುತ್ತೇನೆ, ನನಗೇಕೆ ಪರೀಕ್ಷೆ ಎಂಬುದು ಅವನ ತರ್ಕ. ಕಾಯಿಲೆ ಬಿದ್ದು ಮಲಗುವವರೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತದಿರುವುದು ದಿನಗೂಲಿಯವರ ರೂಢಿ.

ಎರಡನೆಯದು, ದಿನದ ಕೂಲಿ. ಪರೀಕ್ಷಾ ಕೇಂದ್ರ ತೆರೆದಿರುವ ಹೊತ್ತೇ ಅವನ ದುಡಿಮೆಯ ಹೊತ್ತು. ಪರೀಕ್ಷೆ ಉಚಿತವಾದರೂ ಅದಕ್ಕೆ ಹೋಗಿಬರಲು ಅರ್ಧ ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ತೆರಬೇಕಾಗುತ್ತದೆ. ಊರಿಗೆ ಹಣ ಕಳುಹಿಸಲು ಒಂದೊಂದು ರೂಪಾಯಿಯನ್ನೂ ಉಳಿಸುವವನ ಲೆಕ್ಕದಲ್ಲಿ ಇದು ಉಚಿತವಲ್ಲ.

ಮೂರನೆಯದು, ಭಾಷೆ. ಕನ್ನಡ ಬಾರದ ಕಾರ್ಮಿಕನು ಆಸ್ಪತ್ರೆಗೆ ಹೋಗುವಾಗ ಸಾಮಾನ್ಯವಾಗಿ ಮೇಸ್ತ್ರಿಯನ್ನೋ ಜೊತೆಗಾರನನ್ನೋ ಕರೆದೊಯ್ಯುತ್ತಾನೆ. ಜ್ವರಕ್ಕೆ ಔಷಧ ಕೇಳಲು ಈ ವ್ಯವಸ್ಥೆ ಸಾಕು. ಆದರೆ ತನ್ನ ಖಾಸಗಿ ಬದುಕಿನ ವಿಷಯವನ್ನು ಮೇಸ್ತ್ರಿಯ ಬಾಯಿಂದ ಹೇಳಿಸಿ, ಫಲಿತಾಂಶವನ್ನು ಮೇಸ್ತ್ರಿಯ ಬಾಯಿಂದಲೇ ಕೇಳಬೇಕಾದಾಗ ಗೋಪ್ಯತೆ ಎಂಬುದು ಉಳಿಯುವುದಿಲ್ಲ.

ನಾಲ್ಕನೆಯದು, ಕೆಲಸ ಹೋಗುವ ಭಯ. ವಲಸೆ ಕಾರ್ಮಿಕರಲ್ಲಿ ಅನೇಕರು ಮುಂಗಡ ಪಡೆದು ಬಂದವರು. ಕೆಲಸ, ವಾಸದ ಶೆಡ್ಡು, ಊಟ, ಬಟವಾಡೆ ಎಲ್ಲವೂ ಒಬ್ಬನೇ ಗುತ್ತಿಗೆದಾರನ ಮೂಲಕ ನಡೆಯುತ್ತವೆ. ಒಂದು ಮಾತು ಹೊರಬಿದ್ದರೆ ಕೆಲಸದ ಜೊತೆಗೆ ತಲೆಯ ಮೇಲಿನ ಸೂರೂ ಹೋಗುತ್ತದೆ. ಒಂದೇ ಊರಿನಿಂದ ತಂಡವಾಗಿ ಬಂದವರಾದರೆ ಸುದ್ದಿಯು ಅವನಿಗಿಂತ ಮೊದಲೇ ಊರು ತಲುಪಿ, ಹೆಂಡತಿ ಮಕ್ಕಳ ಮೇಲೂ ನೆರಳು ಬೀರುತ್ತದೆ.

ಐದನೆಯದು, ಮುಂದೇನು ಎಂಬ ಅನುಮಾನ. ಮೂರು ತಿಂಗಳು ಇಲ್ಲಿ, ಆರು ತಿಂಗಳು ಇನ್ನೊಂದು ಕಡೆ ಇರುವವನು ಜೀವನಪೂರ್ತಿ ಔಷಧ ಪಡೆಯುವುದು ಹೇಗೆ? ಒಂದು ಎ.ಆರ್.ಟಿ. ಕೇಂದ್ರದಿಂದ ಇನ್ನೊಂದಕ್ಕೆ ಚಿಕಿತ್ಸೆಯನ್ನು ವರ್ಗಾಯಿಸಿಕೊಳ್ಳುವ ಅವಕಾಶವಿದೆ. ಸ್ಥಿರವಾಗಿ ಚಿಕಿತ್ಸೆಯಲ್ಲಿರುವವರಿಗೆ ಹಲವು ತಿಂಗಳ ಔಷಧವನ್ನು ಒಟ್ಟಿಗೆ ಕೊಡುವ ಪದ್ಧತಿಯೂ ಇದೆ. ಇವು ಗೊತ್ತಿಲ್ಲದವನಿಗೆ ಪರೀಕ್ಷೆಯು ದಾರಿಯಿಲ್ಲದ ಬಾಗಿಲಿನಂತೆ ತೋರುವುದು ಸಹಜ.

ಈ ಐದರಲ್ಲಿ ಮೊದಲನೆಯ ಮತ್ತು ಕೊನೆಯ ಕಾರಣಗಳು ಮಾತ್ರ ತಿಳಿವಳಿಕೆಯ ಕೊರತೆಗೆ ಸೇರಿದವು. ಉಳಿದ ಮೂರು ಕೆಲಸದ ಸ್ಥಳದ ವ್ಯವಸ್ಥೆಗೆ ಸೇರಿದವು. ಗೋಡೆಗೆ ಭಿತ್ತಿಪತ್ರ ಅಂಟಿಸಿದ ಮಾತ್ರಕ್ಕೆ ಅವು ನೀಗುವುದಿಲ್ಲ.

ಅಂಕಿಅಂಶಗಳು ಏನನ್ನು ಹೇಳುತ್ತವೆ?

ವಲಸೆ ಕಾರ್ಮಿಕರೇ ರೋಗದ ಮೂಲ ಎಂಬಂತೆ ಮಾತನಾಡುವುದು ಸರಿಯಲ್ಲ. 2017ರ ರಾಷ್ಟ್ರೀಯ ಸೆಂಟಿನೆಲ್ ಸಮೀಕ್ಷೆಯಲ್ಲಿ ವಲಸಿಗರಲ್ಲಿ ಸೋಂಕಿನ ಪ್ರಮಾಣ ಶೇ. 0.51, ದೂರಪ್ರಯಾಣದ ಲಾರಿ ಚಾಲಕರಲ್ಲಿ ಶೇ. 0.86, ಗರ್ಭಿಣಿಯರಲ್ಲಿ ಶೇ. 0.28 ಇತ್ತು. ಅಂದರೆ ವಲಸಿಗರಲ್ಲಿ ಪ್ರಮಾಣ ಸ್ವಲ್ಪ ಹೆಚ್ಚಿದ್ದರೂ ಸಾವಿರಕ್ಕೆ 995 ಮಂದಿ ಸೋಂಕಿಲ್ಲದವರೇ ಆಗಿದ್ದರು. 2019ರ ಅಂದಾಜಿನಂತೆ ಕರ್ನಾಟಕದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಸುಮಾರು ಶೇ. 0.47 ಆಗಿದ್ದು, ರಾಜ್ಯದಲ್ಲಿ ಸುಮಾರು 2.69 ಲಕ್ಷ ಜನ ಸೋಂಕಿನೊಂದಿಗೆ ಬದುಕುತ್ತಿದ್ದರು. ಹೊರಗಿನಿಂದ ಬಂದವರನ್ನು ಮಾತ್ರ ಶಂಕಿಸುವುದಕ್ಕೆ ಈ ಸಂಖ್ಯೆಗಳು ಆಧಾರ ಒದಗಿಸುವುದಿಲ್ಲ. ಮನೆಯವರಿಂದ ದೂರವಾಗಿ ಒಂಟಿಯಾಗಿ ಬಾಳುವ ಪರಿಸ್ಥಿತಿ ಅಪಾಯವನ್ನು ಹೆಚ್ಚಿಸುತ್ತದೆಯೇ ಹೊರತು ಅವರ ಊರಾಗಲಿ ಭಾಷೆಯಾಗಲಿ ಅಲ್ಲ. ಬೆಂಗಳೂರಿಗೆ ಹೋಗಿರುವ ನಮ್ಮ ಹುಡುಗರಿಗೂ ಈ ಮಾತು ಅನ್ವಯಿಸುತ್ತದೆ.

ಕಾನೂನಿನ ನಿಲುವು

ಈ ವಿಷಯದಲ್ಲಿ ನ್ಯಾಯಾಲಯದ ನಿಲುವು ಹಳೆಯದು. ಎಚ್.ಐ.ವಿ. ಸೋಂಕಿದೆ ಎಂಬ ಕಾರಣಕ್ಕೆ ಸಾರ್ವಜನಿಕ ಉದ್ದಿಮೆಯೊಂದು ಕೆಲಸ ನಿರಾಕರಿಸಿದ ಹಂಗಾಮಿ ಕಾರ್ಮಿಕನೊಬ್ಬನ ಪ್ರಕರಣದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು 1997ರಲ್ಲಿಯೇ ಕಾರ್ಮಿಕನ ಪರವಾಗಿ ತೀರ್ಪು ನೀಡಿತು. ಕೆಲಸ ಮಾಡಲು ದೈಹಿಕವಾಗಿ ಸಮರ್ಥನಾಗಿದ್ದು ಇತರರಿಗೆ ಅಪಾಯ ಒಡ್ಡದವನನ್ನು ಸೋಂಕಿನ ಕಾರಣವೊಂದಕ್ಕೇ ಹೊರಗಿಡಲಾಗದು ಎಂಬುದು ಅದರ ಸಾರ. ಮುಂದೆ 2009ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯವು ಎಚ್.ಐ.ವಿ. ಮತ್ತು ಉದ್ಯೋಗ ಕ್ಷೇತ್ರ ಕುರಿತ ರಾಷ್ಟ್ರೀಯ ನೀತಿಯನ್ನು ಹೊರತಂದಿತು. 2010ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ತನ್ನ 200ನೆಯ ಶಿಫಾರಸಿನಲ್ಲಿ, ಪರೀಕ್ಷೆಯು ಒತ್ತಾಯವಿಲ್ಲದ ಸ್ವಯಂಪ್ರೇರಿತ ಪರೀಕ್ಷೆಯಾಗಿರಬೇಕೆಂದು ಸ್ಪಷ್ಟಪಡಿಸಿತು.

ಇವೆಲ್ಲಕ್ಕೂ ಕಾನೂನಿನ ಬಲ ಒದಗಿದ್ದು 2017ರ ಎಚ್.ಐ.ವಿ. ಮತ್ತು ಏಡ್ಸ್ (ತಡೆ ಹಾಗೂ ನಿಯಂತ್ರಣ) ಅಧಿನಿಯಮದಿಂದ. ಇದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸದಸ್ಯರು ಗಮನಿಸಬೇಕಾದ ಮುಖ್ಯ ಅಂಶಗಳು ಹೀಗಿವೆ:

1. ಉದ್ಯೋಗ ನೀಡುವುದಕ್ಕೆ ಎಚ್.ಐ.ವಿ. ಪರೀಕ್ಷೆಯನ್ನು ಪೂರ್ವಷರತ್ತಾಗಿ ವಿಧಿಸುವಂತಿಲ್ಲ.

2. ವಿಷಯವನ್ನು ತಿಳಿಸಿ ಪಡೆದ ಒಪ್ಪಿಗೆಯಿಲ್ಲದೆ ಯಾರನ್ನೂ ಪರೀಕ್ಷೆಗೆ ಒಳಪಡಿಸುವಂತಿಲ್ಲ. ಬಲವಂತ ಅಥವಾ ಅನುಚಿತ ಪ್ರಭಾವದಿಂದ ಪಡೆದ ಒಪ್ಪಿಗೆ ಒಪ್ಪಿಗೆಯೆನಿಸುವುದಿಲ್ಲ. ನ್ಯಾಯಾಲಯದ ಆದೇಶ, ರಕ್ತನಿಧಿಯ ತಪಾಸಣೆ ಮೊದಲಾದ ಕೆಲವೇ ವಿನಾಯಿತಿಗಳಿವೆ.

3. ತನ್ನ ಸ್ಥಿತಿಯನ್ನು ಬಹಿರಂಗಪಡಿಸುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ. ಇನ್ನೊಬ್ಬರ ಸ್ಥಿತಿ ತಿಳಿದಿದ್ದರೂ ಅವರ ಒಪ್ಪಿಗೆಯಿಲ್ಲದೆ ಹೊರಗೆಡಹುವಂತಿಲ್ಲ.

4. ಸೋಂಕಿನ ಕಾರಣಕ್ಕೆ ಕೆಲಸ ನಿರಾಕರಿಸುವುದು ತಾರತಮ್ಯವೆನಿಸುತ್ತದೆ. ಕೆಲಸದಿಂದ ತೆಗೆಯುವುದಕ್ಕೂ ಇದೇ ನಿಯಮ; ಸ್ವತಂತ್ರ ವೈದ್ಯಕೀಯ ತಜ್ಞರ ಲಿಖಿತ ವರದಿ ಹಾಗೂ ಮಾಲೀಕರ ಲಿಖಿತ ವಿವರಣೆಯೊಂದಿಗೆ, ಕಾನೂನು ಹೇಳಿದ ಸೀಮಿತ ಸಂದರ್ಭದಲ್ಲಿ ಮಾತ್ರ ಇದಕ್ಕೆ ಅವಕಾಶವಿದೆ.

5. 100 ಅಥವಾ ಹೆಚ್ಚು ಮಂದಿಯಿರುವ ಸಂಸ್ಥೆಗಳು ದೂರು ಅಧಿಕಾರಿಯನ್ನು ನೇಮಿಸಬೇಕು. ಆರೋಗ್ಯ ಸೇವಾ ಸಂಸ್ಥೆಗಳಿಗೆ ಈ ಸಂಖ್ಯೆ 20. ಆದರೆ ತಾರತಮ್ಯದ ನಿಷೇಧಕ್ಕೆ ಇಂಥ ಮಿತಿಯಿಲ್ಲ. ಹತ್ತು ಜನರ ನಾರಿನ ಘಟಕಕ್ಕೂ ನಾಲ್ಕು ಜನರ ಕೊಬ್ಬರಿ ಮಂಡಿಗೂ ಅದು ಅನ್ವಯಿಸುತ್ತದೆ.

ಶಿಬಿರಗಳು ವಿಫಲವಾಗುವುದೇಕೆ?

ಸದುದ್ದೇಶದಿಂದಲೇ ಕೆಲವು ಕಡೆ ಕಾರ್ಖಾನೆಯ ಆವರಣದಲ್ಲಿ ಆರೋಗ್ಯ ಶಿಬಿರ ಏರ್ಪಡಿಸುವುದುಂಟು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮೇಲ್ವಿಚಾರಕರು ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಿದರೆ ಅದು ಸ್ವಯಂಪ್ರೇರಿತ ಪರೀಕ್ಷೆಯಾಗುವುದಿಲ್ಲ. ಬೇಡವೆಂದು ಸಾಲಿನಿಂದ ಹೊರಬಂದವನ ಮೇಲೆ ಅಂದಿನಿಂದಲೇ ಅನುಮಾನ ಬೀಳುತ್ತದೆ. ಪರೀಕ್ಷೆಯ ನಂತರ ಹೆಚ್ಚು ಹೊತ್ತು ಸಮಾಲೋಚಕರೊಡನೆ ಕುಳಿತವನನ್ನು ಉಳಿದವರು ಎಣಿಕೆ ಹಾಕುತ್ತಾರೆ. ಇಂಥ ಶಿಬಿರ ಮುಗಿದ ಮರುವಾರ ಒಬ್ಬಿಬ್ಬರು ಹೇಳದೆ ಕೇಳದೆ ಊರು ಬಿಟ್ಟರೆ ಆಶ್ಚರ್ಯವಿಲ್ಲ. ಅವರು ಚಿಕಿತ್ಸೆಯಿಂದಲೂ ದೂರವಾಗುತ್ತಾರೆ, ಉದ್ಯಮವು ಪಳಗಿದ ಕೈಗಳನ್ನೂ ಕಳೆದುಕೊಳ್ಳುತ್ತದೆ.

ಶಿಬಿರ ನಡೆಸುವುದೇ ಆದರೆ ಎಚ್.ಐ.ವಿ.ಯನ್ನು ಪ್ರತ್ಯೇಕಿಸದೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕ್ಷಯ, ಕಣ್ಣಿನ ತಪಾಸಣೆಗಳ ಜೊತೆಗೆ ಸೇರಿಸುವುದು ಉತ್ತಮ. ಬೇಕಾದವರು ಮಾತ್ರ ಅದನ್ನು ಕೇಳಿ ಪಡೆಯುವಂತಿರಬೇಕು. ಪ್ರತಿಯೊಬ್ಬರೂ ಪರೀಕ್ಷೆಗೆ ಒಪ್ಪಲಿ ಬಿಡಲಿ, ಸಮಾಲೋಚಕರೊಡನೆ ಸಮಾನ ಅವಧಿ ಕಳೆಯುವಂತೆ ಏರ್ಪಡಿಸಿದರೆ ಯಾರು ಒಪ್ಪಿದರು ಎಂಬುದು ಹೊರಗಿನವರಿಗೆ ತಿಳಿಯದು. ಫಲಿತಾಂಶದ ಪಟ್ಟಿಯಾಗಲಿ, ಎಷ್ಟು ಜನರಿಗೆ ಸೋಂಕಿದೆ ಎಂಬ ಸಂಖ್ಯೆಯಾಗಲಿ ಮಾಲೀಕರ ಕೈಗೆ ಬರಬಾರದು. ಹದಿನೈದು ಜನರ ಘಟಕದಲ್ಲಿ ಸಂಖ್ಯೆಯೊಂದೇ ಸಾಕು, ಹೆಸರನ್ನು ಊಹಿಸಿಬಿಡಬಹುದು.

ಸಣ್ಣ ಉದ್ಯಮಿ ಮಾಡಬಹುದಾದ ಕೆಲಸಗಳು

ಉದ್ಯೋಗದಾತರ ಮೂಲಕ ವಲಸೆ ಕಾರ್ಮಿಕರನ್ನು ತಲುಪುವ ಮಾದರಿಯೊಂದನ್ನು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೇ ರೂಪಿಸಿದೆ. ದೊಡ್ಡ ಕಂಪನಿಗಳಂತೆ ಪ್ರತ್ಯೇಕ ವಿಭಾಗವಿಲ್ಲದ ನಮ್ಮಂಥವರೂ ಹೆಚ್ಚು ಖರ್ಚಿಲ್ಲದೆ ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳಬಹುದು.

ಎಚ್.ಐ.ವಿ. ಕಾರಣಕ್ಕೆ ಇಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಯಾರ ವರದಿಯನ್ನೂ ಕೇಳುವುದಿಲ್ಲ ಎಂಬ ಮಾತನ್ನು ಮಾಲೀಕರು ತಾವೇ ಕಾರ್ಮಿಕರೆದುರು ಹೇಳಬೇಕು. ಅದೇ ಮಾತನ್ನು ಕನ್ನಡ, ಹಿಂದಿ ಹಾಗೂ ಕಾರ್ಮಿಕರ ಭಾಷೆಯಲ್ಲಿ ಬರೆಸಿ ತೂಗುಹಾಕಬೇಕು. ಗುತ್ತಿಗೆದಾರರೊಂದಿಗಿನ ಕರಾರಿನಲ್ಲಿಯೂ ಈ ಷರತ್ತನ್ನು ಸೇರಿಸಬೇಕು. ಮಾಲೀಕರು ಉದಾರವಾಗಿದ್ದು ಮೇಸ್ತ್ರಿ ಕಠಿಣನಾದರೆ ಕಾರ್ಮಿಕನ ಪಾಲಿಗೆ ಮೇಸ್ತ್ರಿಯ ಮಾತೇ ಕಾನೂನಾಗುತ್ತದೆ.

ವರ್ಷಕ್ಕೆ ಒಂದೆರಡು ಅರ್ಧ ದಿನಗಳನ್ನು ಆರೋಗ್ಯ ತಪಾಸಣೆಗೆಂದು ಕೂಲಿಸಹಿತ ಬಿಡುವಾಗಿ ಕೊಡಬಹುದು. ಯಾವ ತಪಾಸಣೆ ಎಂದು ಕೇಳದಿರುವುದು ಮತ್ತು ಚೀಟಿ ತರಲು ಹೇಳದಿರುವುದು ಇದರ ಮುಖ್ಯ ನಿಯಮವಾಗಿರಬೇಕು.

1097 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆಯನ್ನು ಕಾರ್ಮಿಕರ ವಾಸಸ್ಥಳದಲ್ಲಿ ಬರೆಸಬೇಕು. ಹಲವು ಭಾಷೆಗಳಲ್ಲಿ ಮಾಹಿತಿ ನೀಡುವ ಈ ಸೇವೆಯಿಂದ ಮಧ್ಯವರ್ತಿಯ ಅಗತ್ಯ ತಪ್ಪುತ್ತದೆ.

ಯಂತ್ರದಿಂದ ಕೈಗೆ ಗಾಯವಾಗುವ ಸಂಭವವಿರುವ ಘಟಕಗಳಲ್ಲಿ ಪ್ರಥಮ ಚಿಕಿತ್ಸಾ ಪೆಟ್ಟಿಗೆಯೊಡನೆ ರಬ್ಬರು ಕೈಗವಸುಗಳನ್ನು ಇರಿಸಿ, ಯಾರದೇ ರಕ್ತವಾಗಲಿ ಬರಿಗೈಯಿಂದ ಮುಟ್ಟದಿರುವ ಪದ್ಧತಿಯನ್ನು ರೂಢಿಸಬೇಕು. ಈ ಎಚ್ಚರಿಕೆ ಎಲ್ಲರಿಗೂ ಒಂದೇ ಆದುದರಿಂದ ಯಾರ ಸ್ಥಿತಿಯನ್ನೂ ತಿಳಿಯುವ ಅಗತ್ಯ ಬೀಳುವುದಿಲ್ಲ. ಒಟ್ಟಿಗೆ ಉಣ್ಣುವುದರಿಂದ, ಒಂದೇ ಶೌಚಾಲಯ ಬಳಸುವುದರಿಂದ, ಒಂದೇ ಯಂತ್ರದಲ್ಲಿ ದುಡಿಯುವುದರಿಂದ, ಸೊಳ್ಳೆ ಕಚ್ಚುವುದರಿಂದ ಈ ಸೋಂಕು ಹರಡುವುದಿಲ್ಲ ಎಂಬುದನ್ನೂ ಇದೇ ಸಂದರ್ಭದಲ್ಲಿ ತಿಳಿಸಿಹೇಳಬಹುದು.

ಲಾಭದ ಲೆಕ್ಕ

ಇದರಿಂದ ಉದ್ಯಮಕ್ಕೇನು ಲಾಭ ಎಂಬ ಪ್ರಶ್ನೆ ವ್ಯಾಪಾರಿಗಳಲ್ಲಿ ಏಳುವುದು ನ್ಯಾಯವಾದುದೇ. ಸೋಂಕು ತಡವಾಗಿ ಪತ್ತೆಯಾದವನು ಕ್ಷಯ ಮುಂತಾದ ಕಾಯಿಲೆಗಳಿಗೆ ತುತ್ತಾಗಿ ತಿಂಗಳುಗಟ್ಟಲೆ ಕೆಲಸಕ್ಕೆ ಬಾರದಂತಾಗುತ್ತಾನೆ. ಇಕ್ಕಟ್ಟಾದ ಶೆಡ್ಡುಗಳಲ್ಲಿ ಕ್ಷಯವು ಇತರರಿಗೂ ಹರಡುತ್ತದೆ. ಬೇಗ ಪತ್ತೆಯಾದವನು ದಿನಕ್ಕೊಂದು ಮಾತ್ರೆ ನುಂಗಿ ಎಂದಿನಂತೆ ದುಡಿಯುತ್ತಾನೆ, ಅದರ ಔಷಧದ ವೆಚ್ಚವನ್ನು ಸರ್ಕಾರವೇ ಭರಿಸುತ್ತದೆ. ಕೆಲಸ ಕಲಿತವನೊಬ್ಬನನ್ನು ಕಳೆದುಕೊಂಡು ಹೊಸಬನನ್ನು ಪಳಗಿಸುವ ಕಷ್ಟ ನಮ್ಮ ಸದಸ್ಯರಿಗೆ ಹೊಸದಾಗಿ ಹೇಳಬೇಕಾದುದಲ್ಲ. ಇದಕ್ಕೆ ಪ್ರತಿಯಾಗಿ ಮಾಲೀಕರು ತೊಡಗಿಸಬೇಕಾದದ್ದು ಅರ್ಧ ದಿನದ ಕೂಲಿ, ಒಂದು ಜೊತೆ ಕೈಗವಸು ಮತ್ತು ಕೊಟ್ಟ ಮಾತಿಗೆ ನಿಲ್ಲುವ ನಡತೆ.

ಈ ಮೂರರಲ್ಲಿ ಕೊನೆಯದೇ ಬೆಲೆಬಾಳುವಂಥದು. ಗೋಡೆಯ ಮೇಲೆ ಏನು ಬರೆದಿದ್ದರೂ, ಹಿಂದೊಮ್ಮೆ ಕಾಯಿಲೆ ಬಿದ್ದ ಜೊತೆಗಾರನನ್ನು ಮಾಲೀಕರು ಹೇಗೆ ನಡೆಸಿಕೊಂಡರು ಎಂಬುದನ್ನು ನೋಡಿಯೇ ಕಾರ್ಮಿಕರು ತಮ್ಮ ತೀರ್ಮಾನ ಮಾಡಿಕೊಳ್ಳುತ್ತಾರೆ. ಕ್ಷಯ ಬಂದವನಿಗೆ ರಜೆ ಕೊಟ್ಟು ಮತ್ತೆ ಕೆಲಸಕ್ಕೆ ಸೇರಿಸಿಕೊಂಡ ಘಟಕದಲ್ಲಿ ಎಚ್.ಐ.ವಿ. ಪರೀಕ್ಷೆಯ ಮಾತನ್ನೂ ಅಳುಕಿಲ್ಲದೆ ಆಡಬಹುದು. ಸದಸ್ಯರು ತಮ್ಮ ತಮ್ಮ ಘಟಕಗಳಲ್ಲಿ ಈ ಕ್ರಮಗಳನ್ನು ಕೈಗೊಳ್ಳುವ ಮುನ್ನ ತಮ್ಮ ಗುತ್ತಿಗೆದಾರರನ್ನೂ ಮೇಸ್ತ್ರಿಗಳನ್ನೂ ಕರೆದು ಮೇಲೆ ಹೇಳಿದ ಕಾನೂನಿನ ಐದು ಅಂಶಗಳನ್ನು ಅವರಿಗೆ ಓದಿಹೇಳುವುದರಿಂದ ಆರಂಭಿಸಬಹುದು.